ಗುಡ್ಡ ಏರಿದ ಮಣ್ಣು

ಬೋರಗಲ್ಲಿನ ಹೆಂಗಸರನ್ನು ನಾನು ಮೊದಮೊದಲು ಗುರುತು ಹಿಡಿದದ್ದು ಅವರ ನೆತ್ತಿಯಿಂದ. ಸೆರಗು ಜಾರಿದರೆ ಸಾಕು, ನಡುನೆತ್ತಿಯಲ್ಲಿ ಅಂಗೈಯಗಲ ಕೂದಲಿಲ್ಲದ ಜಾಗ ಕಾಣುತ್ತಿತ್ತು. ಕಾರಣ ಬುಟ್ಟಿ. ಆ ಊರಿನ ಹೊಲಗಳೆಲ್ಲ ಗುಡ್ಡದ ಮೈಮೇಲಿವೆ. ಮಳೆಗಾಲದಲ್ಲಿ ಮೇಲಿನ ಮಣ್ಣು ಕೊಚ್ಚಿಕೊಂಡು ಬಂದು ಕೆಳಗಿನ ಬದುವಿನಲ್ಲಿ ಕೂರುತ್ತದೆ. ಬೇಸಿಗೆಯಲ್ಲಿ ಹೆಂಗಸರು ಅದೇ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು, ಗುಡ್ಡ ಏರಿ, ಮೇಲಿನ ಹೊಲಕ್ಕೆ ಸುರಿಯುತ್ತಾರೆ. ಮುಂದಿನ ಮಳೆಗೆ ಅದು ಮತ್ತೆ ಇಳಿಯುತ್ತದೆ. ಇದಕ್ಕೆ ಅವರು ‘ಮಣ್ಣು ಏರಿಸೋದು’ ಅನ್ನುತ್ತಾರೆ. ಗಂಡಸರು ಈ ಕೆಲಸಕ್ಕೆ ಕೈಹಾಕುವುದಿಲ್ಲ. ಯಾಕೆ ಎಂದು ಕೇಳಿದರೆ ಅವರಿಗೆ ಸೊಂಟ ನೋವು ಬರುತ್ತದೆ.

ಮಣ್ಣು ತಾನಾಗಿಯೇ ಏರುವಂತಾದರೆ? ನಮ್ಮ ಸಂಶೋಧನಾ ಕೇಂದ್ರ ಹುಟ್ಟಿದ್ದೇ ಈ ಒಂದು ಪ್ರಶ್ನೆಯಿಂದ.

ದೊಡ್ಡ ಮಾತುಗಳನ್ನು ಬಿಟ್ಟು ಹೇಳುವುದಾದರೆ ವಿಷಯ ಇಷ್ಟೇ. ಎಲ್ಲ ಮಣ್ಣಿನಲ್ಲೂ ಬೂಷ್ಟಿನ ಸಣ್ಣ ಎಳೆಗಳಿರುತ್ತವೆ. ಗಿಡದ ಬೇರು ಅವಕ್ಕೆ ಸಿಹಿ ಉಣ್ಣಿಸುತ್ತದೆ, ಅವು ಬೇರಿಗೆ ನೀರು ತಂದುಕೊಡುತ್ತವೆ. ನಾವು ಬೆಳೆಸಿದ ತಳಿಯ ಎಳೆ ಒದ್ದೆಯಾದಾಗ ಉಬ್ಬುತ್ತಿತ್ತು, ಒಣಗಿದಾಗ ಕುಗ್ಗುತ್ತಿತ್ತು, ಕುಗ್ಗುವಾಗ ಸುತ್ತಲಿನ ಮಣ್ಣಿನ ಕಣಗಳನ್ನು ಊಟವಿರುವ ಕಡೆಗೆ ಎಳೆದುಕೊಳ್ಳುತ್ತಿತ್ತು. ಇಳಿಜಾರಿಗೆ ಅಡ್ಡಲಾಗಿ ಸಾಲು ಸಾಲು ಬದು ಹಾಕಿ, ಬದುವಿನ ಮೇಲೆ ಲಾವಂಚದ ಹುಲ್ಲು ನೆಟ್ಟು, ಅದರ ಬೇರಿಗೆ ಈ ಎಳೆಯನ್ನು ಸೇರಿಸಿದೆವು. ಗುಡ್ಡದ ನೆತ್ತಿಯಲ್ಲಿ ಸೌರಫಲಕದ ಗೂಟಗಳನ್ನು ನೆಟ್ಟು, ಅವುಗಳಿಂದ ನೆಲಕ್ಕೆ ತೀರ ಸಣ್ಣ ವಿದ್ಯುತ್ತು ಹರಿಸಿ, ಎಳೆಗಳಿಗೆ ಮೇಲಿನ ದಾರಿ ತೋರಿಸಿದೆವು. ಊರವರು ಇದನ್ನು ‘ನೂಲು’ ಎಂದು ಕರೆದರು. ನಾವು ಇಟ್ಟಿದ್ದ ಮಾರುದ್ದದ ಹೆಸರಿಗಿಂತ ಅದೇ ವಾಸಿ.

ಒಪ್ಪಿಸುವುದೇನೂ ಸುಲಭವಾಗಿರಲಿಲ್ಲ. ಬೋರಗಲ್ಲಿನಲ್ಲಿ ಅಣ್ಣತಮ್ಮಂದಿರು ಭಾಗವಾದರೆ ಹೊಲವನ್ನು ಮೇಲಿನಿಂದ ಕೆಳಕ್ಕೆ ಸೀಳುತ್ತಾರೆ. ಹಾಗೆ ಮಾಡಿದರೆ ಮೇಲಿನ ಕಲ್ಲೂ ಕೆಳಗಿನ ಎರೆಮಣ್ಣೂ ಎಲ್ಲರಿಗೂ ಬರುತ್ತವೆ. ನಮ್ಮ ಬದುಗಳು ಮಾತ್ರ ಅಡ್ಡ ಹೋಗಬೇಕು, ಎಲ್ಲರ ಹೊಲವನ್ನೂ ಹಾಯಬೇಕು.

“ನನ್ನ ಮಣ್ಣು ನಮ್ಮ ತಮ್ಮನ ಹೊಲಕ್ಕ ಹೋದ್ರ ಯಾರನ್ನ ಕೇಳ್ಲಿ? ನಿಮ್ಮ ನೂಲನ್ನೋ?” ಎಂದು ಜಗಳ ತೆಗೆದವನು ಚೆನ್ನಪ್ಪ. ಇಳಿಜಾರಿಗೆ ಅಡ್ಡ ನೇಗಿಲು ಹೊಡೆದರೆ ಎತ್ತಿನ ಕೊರಳು ಒಂದೇ ಕಡೆ ವಾಲುತ್ತದೆ ಎಂಬುದು ಉಳಿದವರ ತಕರಾರು. ಎಲ್ಲರಿಗಿಂತ ಮೊದಲು ಹೂಂ ಎಂದವನು ಚೆನ್ನಪ್ಪನ ಆ ತಮ್ಮನೇ, ಅಡಿವೆಪ್ಪ. ಮಾತು ಕಡಿಮೆ. ಹೆಂಡತಿ ಬಾಳವ್ವನ ಕಡೆ ಒಮ್ಮೆ ನೋಡಿ, “ಇಕಿ ತಲಿ ಮ್ಯಾಗಿನ ಬುಟ್ಟಿ ಇಳೀತದ ಅಂದ್ರ ಹಾಕ್ರಿ” ಎಂದಷ್ಟೇ ಹೇಳಿದ್ದ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೋಳುಬಂಡೆಯ ಮೇಲೆ ಮೊಳಕೈ ಆಳ ಮಣ್ಣು ಬಂತು. ಅಡಿವೆಪ್ಪನ ಮೇಲಿನ ಹೊಲದಲ್ಲಿ ಶೇಂಗಾ ಬಿಟ್ಟಿತು. ಚೆನ್ನಪ್ಪನೂ ಸುಮ್ಮನೆ ಬಂದು ಬದುವಿಗೆ ಜಾಗ ಬಿಟ್ಟುಕೊಟ್ಟ. ಹೆಂಗಸರು ಬುಟ್ಟಿಗಳನ್ನು ಅಟ್ಟಕ್ಕೆ ಎಸೆದರು. ಒಂದು ದಿನ ಬಾಳವ್ವ ನನ್ನ ಕೈ ಹಿಡಿದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. ಬೆರಳಿಗೆ ಮುಳ್ಳಿನಂತೆ ಸಣ್ಣ ಕೂದಲು ಚುಚ್ಚಿತು. “ಹುಟ್ಟಾಕತ್ತಾವ್ರಿ ಅಕ್ಕಾರ” ಎಂದು ಆಕೆ ನಕ್ಕಾಗ ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ನನ್ನ ನೌಕರಿಯಲ್ಲಿ ನನಗೆ ಬಂದ ಪ್ರಶಸ್ತಿ ಎಂದರೆ ಅದೊಂದೇ.

ನಮ್ಮ ನಿಯಂತ್ರಣ ಕೊಠಡಿ ಗುಡ್ಡದ ಬುಡದಲ್ಲಿ, ಹಳೆಯ ಹತ್ತಿ ಗೋದಾಮಿನಲ್ಲಿತ್ತು. ನಾನು, ಪರದೆ ನೋಡಿಕೊಳ್ಳುವ ಫಕೀರೇಶ, ಇಬ್ಬರೇ. ನೂಲಿನ ಮಿಡಿತ ಗೂಟಗಳ ಮೂಲಕ ನಮಗೆ ತಲುಪುತ್ತಿತ್ತು. ನೂಲು ಇರುವ ಕಡೆ ಪರದೆ ಹಸಿರು. ಆ ಹಸಿರಿನ ನಡುವೆ ನೂಲು ಹೊಗಲಾರದ ಬಂಡೆ, ದಪ್ಪ ಬೇರು ಕಪ್ಪು. ನೂಲೇ ಇಲ್ಲದ ಕಡೆ ಪರದೆ ಬರೀ ಬೂದಿ ಬಣ್ಣ, ಅಲ್ಲಿ ನೆಲದೊಳಗೆ ಏನಿದೆಯೆಂದು ನಮಗೆ ಏನೂ ತಿಳಿಯುವುದಿಲ್ಲ.

ಮೂರನೆಯ ಮಳೆಗಾಲದ ನಡುವೆ ಒಂದು ಬೆಳಗ್ಗೆ ಫಕೀರೇಶ ಚಹಾದ ಲೋಟ ಹಿಡಿದುಕೊಂಡೇ ನನ್ನನ್ನು ಕರೆದ. “ಮೇಡಮ್, ಒಂದು ಬಂಡಿಗಲ್ಲಿಗೆ ಕಾಲು ಬಂದಾವ ನೋಡ್ರಿ.”

ತಮಾಷೆ ಅವನ ಸ್ವಭಾವ. ಆದರೆ ಪರದೆ ತಮಾಷೆ ಮಾಡುವುದಿಲ್ಲ. ಅಡಿವೆಪ್ಪನ ಹೊಲದ ಕೆಳತುದಿಯಲ್ಲಿ ಹೋದ ವರ್ಷ ಇದ್ದ ಕಪ್ಪು ಮಚ್ಚೆಯೊಂದು ಈಗ ನಡುಹೊಲದಲ್ಲಿತ್ತು. ಗಾತ್ರ ಅರ್ಧ ಚೀಲ ಜೋಳದಷ್ಟು. ನೂಲು ಸಾಗಿಸಬಲ್ಲದ್ದು ಸಾಸಿವೆಗಿಂತ ಸಣ್ಣ ಕಣವನ್ನು, ಅದೂ ವರ್ಷಕ್ಕೆ ಒಂದಿಷ್ಟು ದೂರ. ನಾವು ಹಿಂದಿನ ಚಿತ್ರಗಳನ್ನೆಲ್ಲ ತೆಗೆದು ಒಂದರ ಮುಂದೊಂದು ಓಡಿಸಿದೆವು. ಮಚ್ಚೆ ಬದುವಿನ ಬಳಿ ಬಂದಾಗ ನಿಲ್ಲುತ್ತಿತ್ತು, ಆಮೇಲೆ ದಾಟುತ್ತಿತ್ತು. ಸುತ್ತ ಹಸಿರು ಒತ್ತೊತ್ತಾಗಿ ಅಂಟಿಕೊಂಡಿತ್ತು, ಒಳಗೆ ಮಾತ್ರ ಒಂದು ಎಳೆಯೂ ಹೊಕ್ಕಿರಲಿಲ್ಲ. ಕೊಳೆಯುವ ಏನು ಸಿಕ್ಕರೂ ತಿನ್ನುವ ನೂಲು ಅದನ್ನು ತಿಂದಿರಲಿಲ್ಲ, ಹೊತ್ತುಕೊಂಡು ಹೋಗುತ್ತಿತ್ತು.

ಇನ್ನೂ ಒಂದು ಸಂಗತಿ ಇತ್ತು. ಮಚ್ಚೆ ನಮ್ಮ ಗೂಟದ ಕಡೆಗೆ ಹೋಗುತ್ತಿರಲಿಲ್ಲ. ಓರೆಯಾಗಿ ಅಡಿವೆಪ್ಪನ ಮನೆಯ ಕಡೆಗೆ ಹೋಗುತ್ತಿತ್ತು.

“ಅಲ್ಲಿ ಕೆಳಗ ಏನಿತ್ತು ಮೇಡಮ್?” ಎಂದು ಫಕೀರೇಶ ಕೇಳಿದ. ಅವನ ಚಹಾ ಆರಿತ್ತು.

ಏನಿತ್ತು ಎನ್ನುವುದು ನನಗೆ ಗೊತ್ತಿತ್ತು. ಬೋರಗಲ್ಲಿನಲ್ಲಿ ಮನೆಗಳು ಗುಡ್ಡದ ನೆತ್ತಿಯಲ್ಲಿವೆ, ಬಂಡೆಯ ಮೇಲೆ ಮಣ್ಣು ತುಂಬಿ ಕಟ್ಟೆ ಕಟ್ಟಿ ಎಬ್ಬಿಸಿದ ಮನೆಗಳು. ಬೆಳೆಯುವ ಜಾಗವನ್ನು ಮನೆಗೆ ಕೊಡುವಷ್ಟು ಶ್ರೀಮಂತರು ಅಲ್ಲಿ ಯಾರೂ ಇಲ್ಲ. ಸತ್ತವರನ್ನು ಹೂಳುವುದು ಅವರವರ ಹೊಲದ ಕೆಳತುದಿಯಲ್ಲಿ, ಏಕೆಂದರೆ ಆಳು ಇಳಿಯುವಷ್ಟು ಗುಂಡಿ ತೋಡಲು ಮಣ್ಣಿರುವುದು ಅಲ್ಲಿ ಮಾತ್ರ. ನಾವು ಬರುವುದಕ್ಕೆ ಮುಂಚೆ ಬಾಳವ್ವನ ಮಗಳು ದಾನಮ್ಮ ಜ್ವರ ಬಂದು ತೀರಿಕೊಂಡಿದ್ದಳು. ಆರು ವರ್ಷದ ಹುಡುಗಿ.

ನಾನು ಹೋದಾಗ ಮಟಮಟ ಮಧ್ಯಾಹ್ನ. ಬಾಳವ್ವ ಒಲೆಯ ಮುಂದೆ ಕೂತು ಕಡುಬು ಮಾಡುತ್ತಿದ್ದಳು. ಹಬ್ಬವಿರಲಿಲ್ಲ, ಅಮಾವಾಸ್ಯೆಯೂ ಅಲ್ಲ.

“ಬರ್ರಿ ಅಕ್ಕಾರ. ಹೊಟ್ಟಿ ಹಸದಿರಬೇಕು.”

ನಾನು ಹೊಸ್ತಿಲ ಮೇಲೆ ಕಾಲಿಟ್ಟು ಅಲ್ಲೇ ಒಂದು ಗಳಿಗೆ ನಿಂತೆ. ಹೊಸ್ತಿಲು ತುಳಿಯಬಾರದು ಎನ್ನುವುದು ಗೊತ್ತಿದ್ದರೂ ನನಗೆ ಆ ಕೆಟ್ಟ ಚಾಳಿ. ಅವಳು ಏನೂ ಅನ್ನಲಿಲ್ಲ.

“ಇದು ಯಾರಿಗೆ ಬಾಳವ್ವ?”

“ಹೊಲಕ್ಕರಿ. ಚರಗ.”

ಸೀಗಿ ಹುಣ್ಣಿಮೆಯ ದಿನ ಹೊಲಕ್ಕೆ ಊಟ ಕೊಡುವ ಪದ್ಧತಿ ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಬೆಳೆ ಹೊತ್ತ ಭೂಮಿ ಬಸುರಿ, ಅವಳ ಬಯಕೆಗೆ ಕಡುಬು, ಹೋಳಿಗೆ, ಬುತ್ತಿ ಎಲ್ಲ ಕಲಸಿ, ಕೂಗುತ್ತಾ ಹೊಲದ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ಅದು ವರ್ಷಕ್ಕೊಮ್ಮೆ. ನಾನು ಅವಳ ಮುಖ ನೋಡುತ್ತಾ ಕೂತೆ. ಬೆಲ್ಲದ ವಾಸನೆ ಮನೆಯೆಲ್ಲ ತುಂಬಿತ್ತು. ಆಗ ನನ್ನ ತಲೆಗೆ ಹೊಳೆಯಿತು. ಬೇರಿನಿಂದ ಹನಿಹನಿಯಾಗಿ ಸಿಹಿ ಕುಡಿದು ಬದುಕುವ ನೂಲಿಗೆ ಇವಳು ಕೈತುಂಬ ಬೆಲ್ಲ ಹಾಕುತ್ತಿದ್ದಾಳೆ. ನಮ್ಮ ಗೂಟದ ಮಿಣಿಮಿಣಿ ವಿದ್ಯುತ್ತು ಅದರ ಮುಂದೆ ಯಾವ ಲೆಕ್ಕ?

“ಎಲ್ಲಿಂದ ಎಲ್ಲಿತನಕ ಚೆಲ್ತಿ?”

ಅವಳು ಕಡುಬಿನ ಅಂಚು ಒತ್ತುವುದನ್ನು ನಿಲ್ಲಿಸಲಿಲ್ಲ. “ಹ್ವಾದ ಸೀಗಿ ಹುಣ್ಣಿಮಿಗೆ ಎಲ್ಲಾರೂ ಹೊಲದ ಸುತ್ತ ಚೆಲ್ಲಿದ್ರು. ನಾ ಮೊದಲನೇ ತುತ್ತು ನನ್ನ ಕೂಸಿಗೆ ಹಾಕಿದೆ. ಅಲ್ಲಿಂದ ಚೆಲ್ಲಿಕೋತ ಮನಿಗೆ ಬಂದೆ. ಕೆಲವು ದಿನಾ ಬಿಟ್ಟು ಹುಲ್ಲು ಕೊಯ್ಯಾಕ ಹೋದ್ರ, ಗುಂಡಿಗಿಂತ ಮ್ಯಾಲ, ಬದುವಿನಾಗ ಇದು ಸಿಕ್ತು.”

ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಸ್ಲೇಟಿನ ಬಳಪದ ತುಂಡುಗಳು. ದಾನಮ್ಮನಿಗೆ ಬಳಪ ತಿನ್ನುವ ಚಟವಿತ್ತಂತೆ. ಎಷ್ಟು ಬಡಿದರೂ ಬಿಟ್ಟಿರಲಿಲ್ಲವಂತೆ. ಕೊನೆಗೆ ಮಣ್ಣು ಮಾಡುವಾಗ ವಿಭೂತಿ, ಪತ್ರಿಯ ಜೊತೆ ಒಂದು ಡಬ್ಬಿ ಬಳಪವನ್ನೂ ಬಾಳವ್ವ ಮಡಿಲಲ್ಲಿ ಇಟ್ಟಿದ್ದಳು.

“ಅವತ್ತಿನಿಂದ ಚೆಲ್ಲೂದು ಬಿಟ್ಟಿಲ್ರಿ. ಒಂದೊಂದು ಬದುವಿನಾಗ ಒಂದೊಂದು ಸಿಗಾಕತ್ತಾವ್ರಿ. ಪ್ರತಿ ಸಲ ಮನಿಗೆ ಇನ್ನಷ್ಟು ಸನೇ. ತುದಿ ನೋಡ್ರಿ.”

ನೋಡಿದೆ. ಪ್ರತಿ ತುಂಡಿನ ತುದಿಯಲ್ಲೂ ಸಣ್ಣ ಹಲ್ಲಿನ ಗುರುತಿತ್ತು. ಬದುಕಿದ್ದಾಗ ಕಚ್ಚಿಟ್ಟದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

“ನಾ ಹೊಸಾ ಡಬ್ಬಿ ಇಟ್ಟಿದ್ದೆ ಅಕ್ಕಾರ” ಎಂದಳು ಬಾಳವ್ವ.

ನನಗೆ ಹೆದರಿಕೆಯಾಯಿತು. ಹೊರಗೆ ಬಿಸಿಲು, ಅಂಗಳದಲ್ಲಿ ಕೋಳಿ ಕೆದರುತ್ತಿದ್ದವು, ಆದರೂ ಹೆದರಿಕೆಯಾಯಿತು. ಬಾಳವ್ವನಿಗೆ ಹೆದರಿಕೆ ಇರಲಿಲ್ಲ. ಬಾಗಿಲಿಗೆ ಯಾರೋ ಬರುವವರಿದ್ದಾರೆ ಎಂದು ಅಡಿಗೆಗೆ ಅವಸರ ಮಾಡುವ ಹೆಂಗಸಿನ ಹಾಗಿದ್ದಳು.

ಇದು ನಮ್ಮಿಬ್ಬರಲ್ಲೇ ಉಳಿಯುತ್ತಿತ್ತೋ ಏನೋ. ಆದರೆ ಮಳೆ ಜೋರಾದ ವಾರದಲ್ಲಿ ಚೆನ್ನಪ್ಪನ ಹೊಲದ ಕೆಳತುದಿ ಕುಸಿಯಿತು. ಅದು ಅಣ್ಣತಮ್ಮಂದಿರಿಬ್ಬರ ಅಪ್ಪನನ್ನು ಹೂತ ಜಾಗ. ಬಾಳವ್ವನ ಬೆಲ್ಲಕ್ಕೆ ಅಕ್ಕಪಕ್ಕದ ನೂಲೂ ಓಡಿ ಬಂದು, ಬರುವಾಗ ಕೆಳಗಿನ ಮಣ್ಣನ್ನೂ ಎಳೆದುಕೊಂಡು ಬಂದಿತ್ತು. ಗುಂಡಿಯ ಮೇಲಿನ ಮಣ್ಣು ತೆಳುವಾಗಿ ಒಳಗಿನ ಕಲ್ಲುಚಪ್ಪಡಿ ಕಾಣುತ್ತಿತ್ತು. ಇತ್ತ ನೆತ್ತಿಯಲ್ಲಿ ಅಡಿವೆಪ್ಪನ ಮನೆಯ ಗೋಡೆಗೆ ಮಣ್ಣು ಏರಿ ಕಿಟಕಿಯ ಹತ್ತಿರ ಬಂದಿತ್ತು.

ಮರುದಿನ ಬೆಳಗ್ಗೆ ಊರೆಲ್ಲ ಅಡಿವೆಪ್ಪನ ಅಂಗಳದಲ್ಲಿ ಸೇರಿತು. ನಾನು ಪರದೆಯಲ್ಲಿ ಕಂಡದ್ದನ್ನು ಮುಚ್ಚಿಡದೆ ಹೇಳಿದೆ. ಯಾರೂ ನಗಲಿಲ್ಲ.

“ಗೂಟ ಬಂದ್ ಮಾಡ್ರಿ” ಎಂದ ಒಬ್ಬ.

“ಮಾಡಿ ನೋಡಿದೆ. ನೂಲು ಈಗ ನಮ್ಮ ಮಾತು ಕೇಳುತ್ತಿಲ್ಲ, ಊಟದ ಮಾತು ಕೇಳುತ್ತಿದೆ” ಎಂದೆ.

“ಹಂಗಾರ ಹುಲ್ಲು ಕಿತ್ತು ಬೆಂಕಿ ಹಚ್ಚೂದು. ಬದು ಒಡಿಯೂದು. ನೂಲು ಸಾಯಲಿ” ಎಂದ ಚೆನ್ನಪ್ಪ. ತಮ್ಮನ ಹೆಂಡತಿಯ ಕಡೆ ತಿರುಗಿ, “ಬಾಳವ್ವ, ನಿನ್ನ ಮಗಳು ಮ್ಯಾಲ ನಡದ್ರ ನಮ್ಮಪ್ಪ ಬಯಲಿಗೆ ಬೀಳ್ತಾನ. ನಾಳೆ ಉಳದವರ ಹಿರ್ಯಾರೂ ಬೀಳ್ತಾರ. ಇದು ಚಂದ ಏನವಾ?” ಎಂದ.

ಗುಂಪಿನ ಹಿಂದಿದ್ದ ಹೆಂಗಸರು ತಮಗರಿವಿಲ್ಲದೆ ನೆತ್ತಿ ಮುಟ್ಟಿಕೊಂಡರು. ಬದು ಒಡೆದರೆ ಒಂದೇ ಮಳೆಗೆ ಮಣ್ಣೆಲ್ಲ ಕೆಳಗಿಳಿಯುತ್ತದೆ, ಅಟ್ಟದ ಬುಟ್ಟಿ ಮತ್ತೆ ತಲೆಗೆ ಬರುತ್ತದೆ. ಅದು ಎಲ್ಲರಿಗೂ ಗೊತ್ತಿತ್ತು. ಅಡಿವೆಪ್ಪ ನೆಲ ನೋಡುತ್ತಾ ನಿಂತಿದ್ದ. ಮಗಳು ಹೋದಂದಿನಿಂದ ಅವನು ಅವಳ ಹೆಸರೆತ್ತಿದ್ದನ್ನು ಯಾರೂ ಕೇಳಿರಲಿಲ್ಲ.

ನಾನು ಬಾಳವ್ವನ ಪಕ್ಕ ಹೋಗಿ ಕೂತು ಮೆಲ್ಲಗೆ ಹೇಳಿದೆ. “ಊಟ ಹಾಕಿದವರು ಕರೆದರೆ ಮಾತ್ರ ನೂಲು ಬರುತ್ತದೆ. ನೀನು ಮನೆಯಿಂದ ಕೆಳಗೆ ಚರಗ ಚೆಲ್ಲಿಕೊಂಡು ಹೋದರೆ ನೂಲು ತಿರುಗುತ್ತದೆ. ಮಣ್ಣೂ ತಿರುಗುತ್ತದೆ. ಆಮೇಲೆ ನಿಲ್ಲಿಸಿಬಿಟ್ಟರೆ ಅದು ಮತ್ತೆ ನಮ್ಮ ಗೂಟದ ಮಾತು ಕೇಳುತ್ತದೆ. ಬದು ಉಳಿಯುತ್ತವೆ.”

“ಮತ್ತ ಆಕಿ?”

“ಆಕೆಯೂ ಕೆಳಗೆ ಹೋಗುತ್ತಾಳೆ.”

ಬಾಳವ್ವ ಸೆರಗಿನ ಗಂಟನ್ನು ಬಿಗಿಮಾಡಿಕೊಂಡಳು. “ಈಗ ಎಲ್ಲಿ ಅದಾಳ್ರಿ?” ಎಂದು ಕೇಳಿದಳು.

ಸುಳ್ಳು ಹೇಳಲು ನಾಲಗೆ ಏಳಲಿಲ್ಲ. ಬೆಳಗ್ಗೆ ನೋಡಿದಾಗ ಮಚ್ಚೆ ಅಂಗಳದ ಅಂಚಿಗೆ ಬಂದಿತ್ತು. ನಾವು ಕೂತಿದ್ದ ಜಾಗದಿಂದ ಉಗುಳಿದರೆ ಬೀಳುವಷ್ಟು ದೂರ. ಕೈ ಎತ್ತಿ ತೋರಿಸಿದೆ. ಅವಳು ಆ ಕಡೆ ನೋಡಿದ ರೀತಿಯನ್ನು ನಾನು ಬರೆಯಲಾರೆ. ಮಕ್ಕಳಿದ್ದವರು ಊಹಿಸಿಕೊಳ್ಳಬಹುದು.

“ಸೀಗಿ ಹುಣ್ಣಿಮಿ ದಿನ ಮಾಡ್ತೀನಿ” ಎಂದು ಎದ್ದು ಒಳಗೆ ಹೋದಳು.

ಹುಣ್ಣಿಮೆಯ ದಿನ ಮಳೆ ಬಿಟ್ಟಿತ್ತು. ಬಾಳವ್ವ ಅಟ್ಟದಿಂದ ತನ್ನ ಹಳೆಯ ಮಣ್ಣಿನ ಬುಟ್ಟಿ ಇಳಿಸಿ, ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಅದರ ತುಂಬ ಚರಗ ತುಂಬಿಕೊಂಡಳು. ಊರವರು ತಮ್ಮ ತಮ್ಮ ಹೊಲಗಳಲ್ಲೇ ನಿಂತರು. ಆ ವರ್ಷ ಯಾರೂ ಕೂಗಲಿಲ್ಲ. ಅವಳು ಅಂಗಳದಿಂದ ಇಳಿಯತೊಡಗಿದಳು. ಒಂದು ಕೈ ಬುಟ್ಟಿಗೆ, ಒಂದು ಕೈ ಮಣ್ಣಿಗೆ. ಬದು ಸಿಕ್ಕಾಗ ನಿಲ್ಲುವಳು, ಎರಡು ಕಡುಬು ಹೆಚ್ಚು ಹಾಕುವಳು, ದಾಟುವಳು. “ಬಾ, ಬಾ ನಮ್ಮವ್ವ, ಕೆಳಗ ಬಾ” ಎನ್ನುವ ಅವಳ ದನಿ ಇಡೀ ಗುಡ್ಡಕ್ಕೆ ಕೇಳುತ್ತಿತ್ತು. ಗಾಳಿ ಇರಲಿಲ್ಲ. ಆದರೂ ಅವಳು ದಾಟಿದ ಮೇಲೆ ಬದುವಿನ ಲಾವಂಚ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ವಾಲುತ್ತಿತ್ತು. ಚೆನ್ನಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ನಾನು ಅಳುತ್ತಿದ್ದೆ.

ಮುಂದಿನ ದಿನಗಳಲ್ಲೂ ಅವಳು ಹಾಗೆಯೇ ಇಳಿದಳು. ಪರದೆಯ ಮೇಲೆ ಹಸಿರು ಜಾರತೊಡಗಿತು. ಅಂಗಳ ಬಿಟ್ಟಿತು, ಮೇಲಿನ ಬದು ಬಿಟ್ಟಿತು, ನಡುಹೊಲಕ್ಕೆ ಬಂತು. ಅಂಗಳದಲ್ಲಿ ಹಸಿರು ತೆಳುವಾಗುವ ತನಕ ಕಪ್ಪು ಮಚ್ಚೆ ಅಲ್ಲೇ ಇತ್ತು. ಆಮೇಲೆ ಆ ಜಾಗ ಬೂದಿ ಬಣ್ಣವಾಯಿತು, ಕಣ್ಣಿಗೆ ಕಾಣದಂತಾಯಿತು. ಕೊನೆಗೆ ಹಸಿರೆಲ್ಲ ಹೊಲದ ಕೆಳತುದಿಯಲ್ಲಿ ಬಂದು ನಿಂತಿತು. ಚೆನ್ನಪ್ಪನ ಅಪ್ಪನ ಗುಂಡಿಯ ಮೇಲೆ ಮಣ್ಣು ತಾನಾಗಿ ತುಂಬಿಕೊಂಡಿತು. ಬಾಳವ್ವ ಚರಗ ನಿಲ್ಲಿಸಿದಳು. ನಾವು ಗೂಟಗಳನ್ನು ಮತ್ತೆ ಚಾಲೂ ಮಾಡಿದೆವು. ನೂಲು ತನ್ನ ಹಳೆಯ ನಿಧಾನದ ನಡಿಗೆಗೆ ಮರಳಿತು. ಬದು ಒಡೆಯುವ ಮಾತು ಅಲ್ಲಿಗೆ ಮುಗಿಯಿತು.

ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು, ಫಕೀರೇಶನೊಬ್ಬನನ್ನು ಬಿಟ್ಟು. ಅವನು ಬೆಳಗ್ಗಿನಿಂದ ಪರದೆಯ ಒಂದೇ ಮೂಲೆಯನ್ನು ದೊಡ್ಡದು ಮಾಡಿ ನೋಡುತ್ತಿದ್ದ.

“ಮೇಡಮ್, ದಾನಮ್ಮನ ಗುಂಡಿ ಇದ್ದದ್ದು ಇಲ್ಲಿ. ಹಸಿರು ತುಂಬೇತಿ.”

“ಹೂಂ.”

“ಪೂರ್ತಿ ತುಂಬೇತ್ರಿ. ನಡುವ ಕಪ್ಪು ಇರಬೇಕಿತ್ತಲ್ಲಾ?”

ಇಬ್ಬರೂ ಹೊಲವನ್ನೆಲ್ಲ ಬೆರಳಿನಿಂದ ಹುಡುಕಿದೆವು. ಬಂಡೆಗಳಿದ್ದವು, ಬೇರುಗಳಿದ್ದವು, ಮೊದಲು ಎಲ್ಲೆಲ್ಲಿದ್ದವೋ ಅಲ್ಲಲ್ಲೇ ಇದ್ದವು. ಆ ಮಚ್ಚೆ ಎಲ್ಲೂ ಇರಲಿಲ್ಲ. ಉಳಿದದ್ದು ಬೂದಿ ಬಣ್ಣದ ಅಂಗಳ, ಅದರಾಚೆಗೆ ಮನೆ. ಅಲ್ಲಿ ಒಂದು ಎಳೆಯೂ ಇರಲಿಲ್ಲ. ನೂಲಿಲ್ಲದೆ ಏನೂ ಜರುಗಲಾರದು.

ನಾನು ಆ ಕ್ಷಣವೇ ಗುಡ್ಡ ಹತ್ತಿದೆ.

ಅಡಿವೆಪ್ಪ ಅಂಗಳದಲ್ಲಿ ಶೇಂಗಾ ಒಣಗಲು ಹಾಕುತ್ತಿದ್ದ. “ಬರ್ರಿ. ಮಳಿ ಚಲೋ ಆತು ಈ ವರ್ಷ” ಎಂದ. ಒಳಗೆ ಹೋಗಲು ಬಾಗಿಲಿಗೆ ಬಂದವನು ನಿಂತು, ಚಪ್ಪಲಿಯನ್ನು ದೂರ ಬಿಟ್ಟು, ಧೋತರ ಮೇಲೆತ್ತಿ, ಮೊಣಕಾಲು ನೋವಿನಲ್ಲೂ ಉದ್ದ ಹೆಜ್ಜೆ ಹಾಕಿ ಹೊಸ್ತಿಲು ದಾಟಿದ. ತೊಟ್ಟಿಲ ಬದಿಗೆ ಹೆಜ್ಜೆ ಇಡುವವರ ಹಾಗೆ ಸದ್ದಿಲ್ಲದೆ ಪಾದ ಊರಿದ.

ಬಾಳವ್ವ ಒಳಗಿನಿಂದ ಬಂದಳು. ಹಣೆಗೆ ವಿಭೂತಿ, ಎಣ್ಣೆ ಹಚ್ಚಿದ ತಲೆ. ಹೊಸ್ತಿಲನ್ನು ಅಂದೇ ಸಾರಿಸಿ ಅರಿಸಿನ ಹಚ್ಚಿದ್ದಳು. ಅದರ ಒಂದು ಮೂಲೆಯಲ್ಲಿ ಬಳಪದ ಒಂದು ತುಂಡು ಇತ್ತು.

“ಬಾಳವ್ವ, ನೀನು ಮಗಳನ್ನೂ ಕೆಳಗೆ ಬಿಟ್ಟು ಬಂದೆಯಾ?” ಎಂದೆ.

ಅವಳು ನನ್ನನ್ನೇ ನೋಡಿದಳು. “ನಾ ಮಣ್ಣಿಗೆ ಚರಗ ಚೆಲ್ಲಿದೆ ಅಕ್ಕಾರ. ಮಣ್ಣನ್ನ ಕರದೆ. ಅದು ಬಂತು. ಮಗಳ ಹೆಸರು ನಾ ಒಮ್ಮೆನೂ ಹೇಳಲಿಲ್ಲ.”

ಹೌದು, ಹೇಳಿರಲಿಲ್ಲ. ‘ನಮ್ಮವ್ವ’ ಎಂದಿದ್ದಳು. ಭೂಮಿಯನ್ನು ನಾವೆಲ್ಲ ಕರೆಯುವುದೇ ಹಾಗೆ.

ಸಂಜೆ ಕೇಂದ್ರಕ್ಕೆ ವರದಿ ಕಳಿಸುವುದಿತ್ತು. ‘ಚಲಿಸುವ ಮಚ್ಚೆ ಈಗ ಹೊಲದಲ್ಲಿ ಇಲ್ಲ’ ಎಂದು ಬರೆದರೆ ಅದರಲ್ಲಿ ಒಂದಕ್ಷರ ಸುಳ್ಳಿರುವುದಿಲ್ಲ. ಹಾಗೆಯೇ ಬರೆಯಬೇಕೆಂದು ಆ ಬಾಗಿಲಲ್ಲಿ ನಿಂತೇ ನಿರ್ಧರಿಸಿದೆ. ಚಾಳಿಯಂತೆ ನನ್ನ ಬಲಗಾಲು ಹೊಸ್ತಿಲ ಕಡೆಗೆ ಎದ್ದಿತ್ತು. ಅಂಗಾಲಿಗೆ ಕೆಳಗಿನಿಂದ ಬೆಚ್ಚಗೆ ಏನೋ ತಾಕಿದಂತಾಯಿತು, ಮಲಗಿದ ಮಗುವಿನ ಉಸಿರು ತಾಕಿದ ಹಾಗೆ.

ಬಾಳವ್ವ ಬಂದು ನನ್ನ ಕೈ ಹಿಡಿದಳು. ಅವಳ ದನಿ ಪಿಸುಮಾತಿಗೆ ಇಳಿದಿತ್ತು.

“ದಾಟಿ ಬರ್ರಿ ಅಕ್ಕಾರ. ತುಳೀಬ್ಯಾಡ್ರಿ. ಈಗ ಮಲಗ್ಯಾಳ.”